ಕಿರೀಟಕ್ಕಿಂತ ಎತ್ತರದ್ದು

“ಕೇಳ್ರಪ್ಪೋ ಕೇಳಿ! ಯುವರಾಜರಿಗೆ ನೀತಿ ನಿಯಮ ಕಲಿಸಲು ಗುರು ಬೇಕಾಗಿದ್ದಾರೆ. ಅರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಗುರುಪದವಿ, ಅದರ ಮೇಲೆ ಕೇಳಿದ್ದೊಂದು ವರ. ಒಂದು ತಪ್ಪಿದರೂ ತಲೆದಂಡ! ಹೆಣ್ಣು ಗಂಡೆಂಬ ಭೇದವಿಲ್ಲ, ಬಡವ ಬಲ್ಲಿದನೆಂಬ ಭೇದವಿಲ್ಲ. ನಾಳೆ ಬೆಳಗ್ಗೆ ಅರಮನೆಯ ಅಂಗಳಕ್ಕೆ ಬರುವುದು!”

ಡಂಗುರದವನು ಚಾಪೆ ಹೆಣೆಯುವವರ ಕೇರಿಯನ್ನು ಹಾದುಹೋಗುವಾಗ ದ್ಯಾವಿ ಮರದಡಿ ಕೂತು ಮಕ್ಕಳಿಗೆ ಅಂಬಲಿ ಕುಡಿಸುತ್ತಿದ್ದಳು. ತಾಯಂದಿರು ಹುಲ್ಲು ಕೊಯ್ಯಲು ಹೋದಾಗ ಕೇರಿಯ ಕೂಸುಗಳನ್ನೆಲ್ಲ ನೋಡಿಕೊಳ್ಳುವವಳು ಅವಳೇ. ‘ಕೇಳಿದ್ದೊಂದು ವರ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬಟ್ಟಲು ಕೆಳಗಿಟ್ಟು “ನಾನೂ ಹೋಗ್ತೀನಿ” ಎಂದಳು.

ಅವಳ ಅಣ್ಣ ಕೆಂಚ ಸೆರೆಮನೆಯಲ್ಲಿದ್ದ. ಊರಿನ ಕುಡಿಯುವ ನೀರಿನ ಕೆರೆಗೆ ಅವನೇ ಕಾವಲುಗಾರ. ಆ ಕೆರೆಗೆ ಯಾರೂ ಪ್ರಾಣಿಗಳನ್ನು ಇಳಿಸಬಾರದೆಂದು ಅರಸ ಕೀರ್ತಿಪಾಲನೇ ಕಟ್ಟಳೆ ಮಾಡಿದ್ದ. ಆದರೆ ಏಳು ವರ್ಷದ ಯುವರಾಜ ತನ್ನ ಆನೆಮರಿಯನ್ನು ಮೀಯಿಸಲು ಅಲ್ಲಿಗೇ ತಂದ. ಕೆಂಚ ಅಡ್ಡ ನಿಂತ. ಹುಡುಗ ಅಳುತ್ತಾ ಹೋಗಿ ಅಪ್ಪನಿಗೆ ಹೇಳಿದ. ಅರಸ ಸಿಟ್ಟಿನ ಭರದಲ್ಲಿ ಕೆಂಚನಿಗೆ ಮರಣದಂಡನೆ ವಿಧಿಸಿಬಿಟ್ಟ; ತಲೆ ತೆಗೆಯುವುದು ನಾಳಿದ್ದು.

“ಹುಚ್ಚಿ, ಅಣ್ಣನ ತಲೆ ಉಳಿಸೋಕೆ ಹೋಗಿ ನಿನ್ನ ತಲೇನೂ ಕೊಟ್ಟು ಬರ್ತೀಯಾ?” ಎಂದು ಪಕ್ಕದ ಮನೆಯ ಈರಜ್ಜಿ ಗದರಿದಳು.

“ಸುಮ್ಮನೆ ಕೂತರೆ ನಾಳಿದ್ದು ಅವನ ಮುಖ ನೋಡೋಕೂ ಆಗಲ್ಲ ಅಜ್ಜಿ” ಎಂದಳು ದ್ಯಾವಿ.

ಬೆಳಗ್ಗೆ ಅಂಗಳ ತುಂಬ ಜನ. ಉತ್ತರ ಹೇಳಲು ಮುಂದೆ ಬಂದವರು ಮಾತ್ರ ಮೂವರೇ: ಪಂಡಿತ ಶ್ರೀಕಂಠ ಜೋಯಿಸರು, ದಳವಾಯಿ ನಾಗಪಾಲ, ಕೊನೆಗೆ ದ್ಯಾವಿ. ಸಿಂಹಾಸನದ ಪಕ್ಕದಲ್ಲಿ ಯುವರಾಜ ಕಾಲಾಡಿಸುತ್ತಾ ಕೂತಿದ್ದ. ಮೆಟ್ಟಿಲ ಕೆಳಗೆ ಕಟುಕ ಕತ್ತಿ ಹಿಡಿದು ನಿಂತಿದ್ದ.

“ಇವು ನಮ್ಮ ಮುತ್ತಜ್ಜನ ಕಾಲದಿಂದ ಬಂದ ಒಗಟುಗಳು” ಎಂದ ಅರಸ. “ಮೊದಲನೆಯದು: ಐದು ವರ್ಷದ ಮಕ್ಕಳೂ ಕಟ್ಟಬಲ್ಲ ಮನೆ. ಗೋಡೆಯಿಲ್ಲ, ಸೂರಿಲ್ಲ. ಒಳಗಿರುವಷ್ಟು ಹೊತ್ತು ಎಲ್ಲರಿಗೂ ಸುಖ. ಒಬ್ಬ ಒದ್ದರೆ ಎಲ್ಲರ ಮೇಲೂ ಬೀಳುತ್ತದೆ. ಏನದು?”

ಜೋಯಿಸರು ನಕ್ಕರು. “ಮಕ್ಕಳು ಕಟ್ಟುವ ಮರಳಿನ ಗೂಡು, ಪ್ರಭು.”

“ಮರಳಿನ ಗೂಡಿಗೆ ಗೋಡೆಯಿಲ್ಲವೇ?” ಅರಸ ಕೈಸನ್ನೆ ಮಾಡಿದ. ಭಟರು ಜೋಯಿಸರನ್ನು ಸೆರೆಮನೆಗೆ ಎಳೆದೊಯ್ದರು.

ನಾಗಪಾಲನ ಹಣೆಯ ಮೇಲೆ ಬೆವರು ಮೂಡಿತು. “ಸೈನ್ಯದ ವ್ಯೂಹ” ಎಂದ.

“ಮಕ್ಕಳು ವ್ಯೂಹ ಕಟ್ಟುತ್ತಾರೆಯೇ?”

ಅವನನ್ನೂ ಕರೆದೊಯ್ದರು. ಈಗ ದ್ಯಾವಿಯ ಸರದಿ. ಕಣ್ಣು ಮುಚ್ಚಿದಳು. ಕೇರಿಯ ಮಕ್ಕಳು ಕಣ್ಣೆದುರು ಬಂದರು. ಕಣ್ಣಾಮುಚ್ಚಾಲೆ ಆಡುವಾಗ ಒಬ್ಬ ಬೆರಳ ಸಂದಿಯಿಂದ ಕದ್ದು ನೋಡಿದರೆ ಸಾಕು, ಆಟವೇ ಕೆಟ್ಟು ಎಲ್ಲರೂ ಜಗಳವಾಡುತ್ತಿದ್ದರು.

“ಆಟದ ನಿಯಮ, ಬುದ್ಧಿ. ಎಲ್ಲರೂ ಒಪ್ಪಿ ಕಟ್ಟಿಕೊಳ್ತಾರೆ. ಒಬ್ಬ ಮೋಸ ಮಾಡಿದರೆ ಯಾರಿಗೂ ಆಟವಿಲ್ಲ.”

ಅರಸನ ಹುಬ್ಬು ಮೇಲೇರಿತು. “ಸರಿ. ಎರಡನೆಯದು: ನಮ್ಮದು ಎಂದು ಬಂದವರಿಗೆಲ್ಲ ಸಿಗುತ್ತದೆ. ನನ್ನೊಬ್ಬನದು ಎಂದರೆ ಕೆಡುತ್ತದೆ. ನನ್ನದಲ್ಲ ಎಂದು ಎಲ್ಲರೂ ಕೈಬಿಟ್ಟರೆ ಬತ್ತುತ್ತದೆ.”

ದ್ಯಾವಿಗೆ ಉತ್ತರ ಕೂಡಲೇ ಹೊಳೆಯಿತು. ಅಣ್ಣ ಕಾವಲು ಕಾಯುತ್ತಿದ್ದುದೇ ಅದು.

“ಊರಿನ ಕೆರೆ, ಬುದ್ಧಿ. ಎಲ್ಲರೂ ಕುಡೀಬೇಕು, ಯಾರೂ ಕದಡಬಾರದು, ಹೂಳು ತೆಗೆಯೋಕೆ ಎಲ್ಲರೂ ಕೈ ಹಾಕಬೇಕು.”

ಕಾಲಾಡಿಸುತ್ತಿದ್ದ ಯುವರಾಜ ಥಟ್ಟನೆ ನಿಲ್ಲಿಸಿದ.

ಅರಸ ಮೂರನೆಯದನ್ನು ನಿಧಾನವಾಗಿ ಹೇಳಿದ. “ಎಲ್ಲರ ತಲೆಗಿಂತ ಎತ್ತರದಲ್ಲಿದೆ, ಆದರೂ ಮಗುವಿನ ಕೈಗೆ ಎಟುಕುತ್ತದೆ. ಬಡವನಿಗೆ ಕೊಡೆ, ಕಿರೀಟಕ್ಕೆ ಕಡಿವಾಣ. ಹೇಳು.”

ಗೊತ್ತು. ಆದರೆ ಹೇಳಿದರೆ? ಅವಳ ಕಣ್ಣು ಕಟುಕನ ಕತ್ತಿಯತ್ತ ಹೋಯಿತು.

“ಹೇಳ್ತೀನಿ. ಆದರೆ ಅಭಯ ಕೊಡಬೇಕು, ಬುದ್ಧಿ.”

“ಒಗಟಿಗೆ ಅಭಯವಿಲ್ಲ.”

ದ್ಯಾವಿ ಉಸಿರೆಳೆದುಕೊಂಡಳು. “ನಾಡಿನ ಕಾನೂನು. ಕೆರೆಗೆ ಪ್ರಾಣಿ ಇಳಿಸಬಾರದು ಅಂತ ನೀವೇ ಹೇಳಿದಿರಿ. ಸಾರಿದ ಮೇಲೆ ಆ ಮಾತು ನಿಮಗಿಂತ ದೊಡ್ಡದಾಯ್ತು. ನನ್ನಂಥವಳನ್ನು ಕಾಯುತ್ತೆ, ನಿಮ್ಮಂಥವರನ್ನು ತಡೆಯುತ್ತೆ. ಸಣ್ಣ ಮಗುವೂ ಅದನ್ನು ತೋರಿಸಿ ‘ಇದು ತಪ್ಪು’ ಅನ್ನಬಹುದು. ನನ್ನ ಅಣ್ಣ ಅದನ್ನು ಪಾಲಿಸಿದ, ಯುವರಾಜರು ಮುರಿದರು. ಸೆರೆಯಲ್ಲಿರೋನು ಮಾತ್ರ ನನ್ನಣ್ಣ.”

ಅರಸ ಎದ್ದು ನಿಂತ. ಕಟುಕ ಅಪ್ಪಣೆಗಾಗಿ ಅವನ ಮುಖವನ್ನೇ ನೋಡಿದ.

“ಅಪ್ಪಾಜಿ, ಉತ್ತರ ಸರಿಯೇ?” ಎಂದು ಯುವರಾಜ ಸಣ್ಣ ದನಿಯಲ್ಲಿ ಕೇಳಿದ.

ಅರಸ ಮಗನ ಪಕ್ಕದಲ್ಲಿ ಮತ್ತೆ ಕೂತ. “ಸರಿ” ಎಂದ. “ನಾನೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದೆ. ಅಷ್ಟೇ ಮಾಡಿದ್ದೆ.” ಆಮೇಲೆ ದ್ಯಾವಿಯ ಕಡೆ ತಿರುಗಿದ. “ವರ ಕೇಳಮ್ಮ. ಅಣ್ಣನ ಪ್ರಾಣ ತಾನೇ?”

ದ್ಯಾವಿ ತಲೆಯಾಡಿಸಿದಳು. “ಅಲ್ಲ, ಬುದ್ಧಿ. ಅವನು ತಪ್ಪೇ ಮಾಡಿಲ್ಲ. ಅವನ ಬಿಡುಗಡೆ ವರ ಆಗಬಾರದು, ನ್ಯಾಯ ಆಗಬೇಕು. ವರ ಅಂತ ಕೊಡೋದಾದರೆ ಆ ಇಬ್ಬರ ಪ್ರಾಣ ಕೊಡಿ.”

ಅರಸ ತಲೆ ತಗ್ಗಿಸಿದ. ಜೋಯಿಸರನ್ನೂ ನಾಗಪಾಲನನ್ನೂ ಬಿಡುವಂತೆ ಹೇಳಿ, ಸೆರೆಮನೆಯ ಬೀಗದ ಕೈ ತರಿಸಿ ದ್ಯಾವಿಗೆ ಕೊಟ್ಟ.

“ನಾಳೆಯಿಂದ ಇವನು ನಿನ್ನ ಶಿಷ್ಯ” ಎಂದು ಮಗನನ್ನು ತೋರಿಸಿದ.

“ಪಾಠ ಈಗಲೇ ಶುರುವಾಗಲಿ” ಎಂದು ದ್ಯಾವಿ ಬೀಗದ ಕೈಯನ್ನು ಯುವರಾಜನಿಗೆ ಕೊಟ್ಟಳು.

ಹುಡುಗ ಕತ್ತಲ ಮೆಟ್ಟಿಲಿಳಿದು ಕೆಂಚನ ಕೋಣೆಯ ಮುಂದೆ ನಿಂತ. “ತಪ್ಪು ನನ್ನದು” ಎಂದ. ಎರಡು ಕೈಯಲ್ಲಿ ಹಿಡಿದು ತಿರುಗಿಸಿದರೂ ಬೀಗ ತೆರೆಯಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಆಗ ಕೆಂಚ ಒಳಗಿನಿಂದ ಸರಳುಗಳ ನಡುವೆ ಕೈ ಚಾಚಿ, ಆ ಪುಟ್ಟ ಕೈಗಳ ಮೇಲೆ ತನ್ನ ಕೈಯಿಟ್ಟ. ಇಬ್ಬರೂ ಸೇರಿ ತಿರುಗಿಸಿದರು. ಬಾಗಿಲು ತೆರೆಯಿತು.