ಸಾಹೇಬರ ಕೆಲಸ ಜನ ನೋಡಲಿ

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ, ಉಪ್ಪುಖಾರ ಮಾತ್ರ ಸ್ವಲ್ಪ ನನ್ನದು. ನಮ್ಮೂರ ಪುರಸಭೆಯಲ್ಲಿ ಚಂದ್ರಮೌಳಿ ಅಂತ ಒಬ್ಬ ಸಾಹೇಬರಿದ್ದರು. ಯಾರೇ ಬರಲಿ, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ "ಬಿಜಿ ಇದೀನಿ, ಕೂತಿರಿ" ಅನ್ನುವರು. ಬೀದಿ ನಲ್ಲಿಯ ರಿಪೇರಿಗೆ ಅವರ ಸೈನ್ ಬೇಕೆಂದು ಸಾಕವ್ವ ಎಂಬ ಮುದುಕಿ ಬೇಸಿಗೆಯೆಲ್ಲಾ ಅಲೆದಿದ್ದಳು.

ಒಂದು ದಿನ ಸಾಹೇಬರು ಗುಮಾಸ್ತನನ್ನು ಕರೆದರು. "ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಹಾಕಯ್ಯ. ಒಂದು ನನ್ನ ಕಡೆ, ಒಂದು ಕಾಯೋರು ಕೂರೋ ಬೆಂಚಿನ ಕಡೆ. ನನಗೆಷ್ಟು ಕೆಲಸ ಅಂತ ಜನ ನೋಡಲಿ."

"ಎಲ್ಲದರಲ್ಲೂ ಒಂದೇ ಚಿತ್ರ ಬರಬೇಕಾ ಸಾರ್, ಬೇರೆ ಬೇರೆನಾ?"

"ಅದನ್ನೂ ನಾನೇ ಹೇಳಿಕೊಡಬೇಕಾ? ಮಧ್ಯಾಹ್ನದೊಳಗೆ ಆಗದಿದ್ರೆ ನಿನ್ನನ್ನ ಕಸದ ಲಾರಿ ಹತ್ತಿಸ್ತೀನಿ."

ಗುಮಾಸ್ತ ಮತ್ತೆ ಕೇಳಲಿಲ್ಲ. ಎಲ್ಲದರಲ್ಲೂ ಒಂದೇ ಚಿತ್ರ ಬರುವಂತೆ ಜೋಡಿಸಿಟ್ಟ.

ಊಟ ಮುಗಿಸಿ ಬಂದ ಸಾಹೇಬರು, ಬೆಂಚಿನ ಕಡೆ ಕಡತಗಳೇ ಕಾಣುತ್ತಿವೆ ಎಂಬ ನಂಬಿಕೆಯಲ್ಲಿ ಹುಬ್ಬು ಗಂಟಿಕ್ಕಿ ಕೂತರು. ಬೆಂಚಿನವರು ತಮ್ಮ ಕಡೆಯ ಮಾನಿಟರನ್ನೇ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಸಾಕವ್ವನಿಗೆ ತಡೆಯಲಾಗಲಿಲ್ಲ.

"ಸ್ವಾಮೀ, ಆ ಕಪ್ಪು ರಾಜನ ಮೇಲೆ ಕೆಂಪು ರಾಣಿ ಇಡಿ. ಆಗಿನಿಂದ ಕಾಯ್ತಾ ಕೂತವ್ಳೆ ಪಾಪ."

ಸಾಹೇಬರ ಮುಖದ ಬಣ್ಣ ಇಳಿದೇಹೋಯಿತು. ಇಸ್ಪೀಟೆಲೆ ಹರಡಿದ್ದ ಲ್ಯಾಪ್‌ಟಾಪ್ ಮುಚ್ಚಿದರು. ಗುಮಾಸ್ತನನ್ನು ಬೈಯೋಣವೆಂದರೆ ಎದುರಿಗೆ ಅಷ್ಟು ಜನ. ಬಾಯಿಂದ ಬಂದದ್ದು ಇಷ್ಟೇ: "ಇದೇನಯ್ಯ ಮಾಡಿದೆ?"

"ನಿಮ್ಮ ಕೆಲಸ ಜನ ನೋಡಲಿ ಅಂದ್ರಲ್ಲ ಸಾರ್."

ಬೆಂಚು ನಗಲಿಲ್ಲ. ಎಲ್ಲರೂ ನೆಲ ನೋಡಿದರು, ನಾನೂ ನೋಡಿದೆ. ನಕ್ಕಿದ್ದರೆ ಸಾಹೇಬರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಸಾಕವ್ವ ಮೆಲ್ಲಗೆ ಎದ್ದಳು. "ಆಟ ಮುಗೀತಾ ಸ್ವಾಮೀ? ಹಂಗಾದ್ರೆ ನಮ್ಮ ನಲ್ಲಿಗೊಂದು ಸೈನ್ ಹಾಕಿ."

ಸಾಹೇಬರು ತಲೆ ಎತ್ತದೆಯೇ ಹಾಕಿದರು.