ತಾಯಿಯ ಗಂಗಾಳ

“ಅಜ್ಜಾರ, ನನ್ನ ಕೂಸು ಊಟಾನ ಮಾಡವಲ್ದು. ಬೈದೆ, ರಮಿಸಿದೆ, ಅತ್ತೂ ನೋಡಿದೆ. ನನ್ನ ಕಡೆ ಏನ ತಪ್ಪಾಗೇತ್ರಿ?” ಎಂದು ಸಾವಂತ್ರವ್ವ ಮಠದ ಗುರುಗಳನ್ನು ಕೇಳಿದಳು.

ಗುರುಗಳು ಅವಳನ್ನು ಕೂರಿಸಿ ಒಂದು ಕತೆ ಹೇಳಿದರು.

ಒಬ್ಬ ಸೀರೆ ವ್ಯಾಪಾರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಯಾವುದಕ್ಕೂ ಕಡಿಮೆ ಇರಲಿಲ್ಲ, ಆ ಹುಡುಗಿಯ ಹಸಿವೊಂದನ್ನು ಬಿಟ್ಟು. ತಾಯಿ ಅನ್ನಕ್ಕೆ ತುಪ್ಪ ಸುರಿದು, ಕಾಗೆ ಗುಬ್ಬಿಗಳನ್ನೆಲ್ಲ ಕರೆದು ತುತ್ತು ಹಿಡಿಯುತ್ತಿದ್ದಳು. ಮಗಳು ಬಾಯಿ ಬಿಗಿಹಿಡಿಯುತ್ತಿದ್ದಳು. ವೈದ್ಯರ ಔಷಧವಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಮಗಳು ಸೊರಗುತ್ತಲೇ ಹೋದಳು. ಅವಳ ಕೈಬಳೆ ಜಾರಿ ಬಿದ್ದಾಗಲೆಲ್ಲ ತಾಯಿ ಮತ್ತೊಂದು ತುತ್ತು ಕಲಸುತ್ತಿದ್ದಳು.

ಒಮ್ಮೆ ಅವಳು ಮಗಳನ್ನು ಕರೆದುಕೊಂಡು ಗಂಡನ ಜೊತೆ ಒಬ್ಬ ನೇಕಾರನ ಮನೆಗೆ ಹೋದಳು. ಸೀರೆ ನೋಡುವುದರಲ್ಲಿ ಮೈಮರೆತು ತಿರುಗಿದರೆ, ಮಗಳು ನೇಕಾರನ ಮನೆಮಂದಿಯ ನಡುವೆ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದಳು. ತಿನ್ನು ಎಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಊಟದಲ್ಲಿದ್ದರು. ತಾಯಿಗೆ ಸಂತೋಷವಾಯಿತು. ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಎಲ್ಲ ಪಲ್ಯದ ಮಹಿಮೆ ಎಂದುಕೊಂಡ ಅವಳು, ಮರುದಿನ ನೇಕಾರನ ಹೆಂಡತಿಯನ್ನೇ ತನ್ನ ಮನೆಗೆ ಕರೆಸಿ ಅದೇ ಪಲ್ಯ ಮಾಡಿಸಿದಳು. ತುತ್ತು ಇಟ್ಟಳು. ಮಗಳು ಉಗುಳಿದಳು. ಪಾಪ, ತಾಯಿ ಸೋತು ಗೋಡೆಗೊರಗಿದಳು.

ನೇಕಾರನ ಹೆಂಡತಿ ಕೈ ತೊಳೆದು ಬಂದು, “ನನಗಂತೂ ಹಸಿವಾಗೇತ್ರಿ. ಬರ್ರಿ ಅಕ್ಕಾರ, ಇಬ್ಬರೂ ಕೂಡಿ ಉಣ್ಣೋಣ” ಎಂದಳು.

“ನಮ್ಮ ಮನ್ಯಾಗ ಹಂಗ ಪದ್ಧತಿ ಇಲ್ಲವ್ವಾ. ಎಲ್ಲಾರದೂ ಮುಗಿದ ಮ್ಯಾಲ, ಅಡಿಗಿಮನಿ ಕದಾ ಹಾಕ್ಕೊಂಡು ನಾ ಒಬ್ಬಾಕಿನ ಉಣ್ತೀನಿ.”

ನೇಕಾರನ ಹೆಂಡತಿ ವಾದಕ್ಕೆ ನಿಲ್ಲಲಿಲ್ಲ. ಕೈಹಿಡಿದು ಅವಳನ್ನು ಪಡಸಾಲೆಯಲ್ಲೇ ಕೂರಿಸಿ ಗಂಗಾಳಕ್ಕೆ ಬಡಿಸಿ, ತಾನೂ ಊಟಕ್ಕೆ ಕೂತಳು. ತಾಯಿಗೂ ಹಸಿವಾಗಿತ್ತು. ಅವಳು ರೊಟ್ಟಿ ಮುರಿದು, ಪಲ್ಯ ಸವರಿ ಬಾಯಿಗಿಟ್ಟಳು. ಆಡುತ್ತಿದ್ದ ಮಗಳು ಆಟ ನಿಲ್ಲಿಸಿದಳು. ಅಗಿಯುತ್ತಿದ್ದ ತಾಯಿಯ ಬಾಯನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಳು.

“ಅವ್ವಾ, ನಿನಗೂ ಹಸಿವಾಗ್ತೈತೇನು?” ಎಂದು ಕೇಳಿ, ತಾಯಿಯ ಗಂಗಾಳದೊಳಗೆ ಕೈಯಿಟ್ಟಳು.

ಕತೆ ಮುಗಿಯಿತು. ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಹಂಗಾದ್ರ ನಾ ಏನ ಅಡಿಗಿ ಮಾಡಲ್ರಿ?” ಎಂದಳು.

ಗುರುಗಳು ಕೇಳಿದರು: “ನೀ ಎಲ್ಲಿ ಕುಂತು ಉಣ್ತೀಯವ್ವಾ?”