ಕೈ ತೆಗೆದಾಗ ಬಂದ ಮುಖ

ಈ ನಾಡಿಗೆ ಟೀವಿ ತಂದವನೇ ನಾನು. ಸುಳ್ಳು, ಬಿಡಿ, ನಮ್ಮನೆಯಲ್ಲಿ ಬಲ್ಬು ಬದಲಿಸುವವಳೂ ಹೆಂಡತಿಯೇ. ಆದರೆ ಹೊಳೆದಂಡೆಯಲ್ಲಿ ಹಳೆಯ ಟೀವಿ ರಿಪೇರಿ ಮಾಡುತ್ತಿದ್ದ ಇಮಾಮಸಾಬ ಉಸ್ತಾದರ ಈ ಕಥೆ ಮಾತ್ರ ಹೆಚ್ಚುಕಡಿಮೆ ನಿಜ, ಚಹಾ ಕುಡಿಯುತ್ತ ಕೇಳಿ.

ಶಾವಂತ್ರವ್ವ ತನ್ನ ಟೀವಿಯನ್ನು ಗಾಡಿಯಲ್ಲಿ ತಂದಿದ್ದಳು. ಹಾಡಲು ಹೋಗುತ್ತೇನೆಂದು ಜಗಳವಾಡಿ ಮನೆ ಬಿಟ್ಟ ಮಗಳು ಅಂದು ಸಂಜೆ ಟೀವಿಯಲ್ಲಿ ಹಾಡುವವಳಿದ್ದಳು. ತಾಯಿ ಆ ಮುಖ ನೋಡಿ ವರ್ಷಗಳಾಗಿದ್ದವು.

ಒಂದು ತಂತಿ ಬಿಟ್ಟಿತ್ತು, ಅಷ್ಟೆ. ಉಸ್ತಾದರು ಅದನ್ನು ಬೆಸೆದು ನಮಾಜಿಗೆ ಹೋದರು.

ಶಿಷ್ಯ ಗಿರಿಮಲ್ಲ ತೆರೆದ ಟೀವಿಯೊಳಗೆ ಇಣುಕಿದ. ತಗಡಿನ ಪುಟ್ಟ ಡಬ್ಬಿಗಳು, ಅವುಗಳಲ್ಲಿ ತಂತಿಯ ಸುರುಳಿ, ಸುರುಳಿಯ ನಡುವೆ ಒಂದೊಂದು ತಿರುಪು. ಎಲ್ಲವೂ ಸಡಿಲ. ಒಳ್ಳೆಯ ಮನಸ್ಸಿನವನು, ಎಲ್ಲವನ್ನೂ ಬಿಗಿದ.

ಉಸ್ತಾದರು ಬಂದಾಗ ಪರದೆಯ ತುಂಬ ಹಿಟ್ಟು ತೂರಿದ ಹಾಗೆ ಬಿಳಿ ಚುಕ್ಕೆ.

"ಸಡಿಲಿದ್ವು, ಬಿಗಿ ಮಾಡೀನ್ರಿ ಉಸ್ತಾದ್."

"ತಂಬೂರಿ ತಂತಿನೂ ಹಿಂಗ ಬಿಗಿತೀಯೇನು?"

ಗಾಳಿಯಲ್ಲಿ ಬರುವ ಚಿತ್ರವನ್ನು ಶ್ರುತಿಗೂಡಿಸುವವೇ ಆ ತಿರುಪುಗಳು, ಕೂದಲೆಳೆಯಷ್ಟು ತಪ್ಪಿದರೂ ಚಿತ್ರವಿಲ್ಲ ಅಂದರು. ಬೈಯಲಿಲ್ಲ. ಸೆಟ್ಟನ್ನು ಅವನ ಮುಂದೆಯೇ ತಳ್ಳಿ ಕೂತರು. ಶಾವಂತ್ರವ್ವ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಳು.

ಗಿರಿಮಲ್ಲ ಉಕ್ಕಿನ ಸ್ಕ್ರೂಡ್ರೈವರ್ ಇಳಿಸಿ ತಿರುಗಿಸಿದ. ಚಿತ್ರ ಮೂಡಿತು. ಕೈ ಹೊರತೆಗೆದ, ಹೋಯಿತು. ಮತ್ತೆ ಕೈ ಹಾಕಿದರೆ ಇದೆ, ತೆಗೆದರೆ ಇಲ್ಲ.

"ನಾನಿದ್ರ ಬರ್ತದ್ರಿ," ಅಂದ ಬೆವರೊರೆಸುತ್ತ.

"ಹಂಗಾದ್ರ ಟೀವಿ ಜೋಡಿ ಈ ಅವ್ವನ ಮನಿಗೆ ನೀನೂ ಹೋಗು. ಜೀವ ಇರೋತನಕ ಅದರಾಗ ಕೈಯಿಟ್ಟು ಕೂಡು."

ಉಸ್ತಾದರು ಬಿದಿರಿನ ಸೀಳೊಂದನ್ನು ತೆಳ್ಳಗೆ ಕೆತ್ತಿ ಕೊಟ್ಟರು. ಉಕ್ಕು ಹತ್ತಿರ ಬಂದರೆ ಸುರುಳಿಯ ಶ್ರುತಿ ಕೆಡುತ್ತದೆ, ಕೈ ಬಂದರೂ ತುಸು ಕೆಡುತ್ತದೆ ಅಂದರು.

"ಕೈಯಿಲ್ಲದ ಹೆಂಗ ತಿರುಗಿಸ್ಲಿ?"

"ಕೈ ಇದ್ದಾಗ ತುಸು ಕೆಟ್ಟೇ ಇರಲಿ."

ಹೊರಗೆ ಬಿಸಿಲು ಇಳಿದಿತ್ತು. ಗಿರಿಮಲ್ಲ ಬಿದಿರ ಕಡ್ಡಿಯಿಂದ ಒಂದೊಂದೇ ತಿರುಪನ್ನು ತಿರುಗಿಸಿದ. ಚಿತ್ರ ಮಸುಕು ಮಸುಕು. ಅಲ್ಲಿಗೇ ನಿಲ್ಲಿಸಿ, ಉಸಿರು ಬಿಗಿಹಿಡಿದು, ಕೈ ಹಿಂದಕ್ಕೆ ಸರಿಸಿದ.

ಕೈ ಸರಿದಂತೆಲ್ಲ ಚುಕ್ಕೆಗಳು ತಂತಮ್ಮ ಜಾಗ ಹುಡುಕಿಕೊಂಡು ಕೂತವು. ಹಣೆ. ಮೂಗುಬಟ್ಟು. ಹಾಡಲು ತೆರೆದ ಬಾಯಿ. ಬರೀ ಗಾಳಿಯೊಳಗಿಂದ ಒಂದು ಜೀವ ಎದ್ದು ಬಂದ ಹಾಗೆ.

ಶಾವಂತ್ರವ್ವ ಒಳಗೆ ಬಂದು ಪರದೆಯ ಮುಂದೆ ನೆಲದ ಮೇಲೆ ಕೂತಳು.

ಇನ್ನೊಂಚೂರು ಚೊಕ್ಕ ಮಾಡೋಣವೆಂದು ಗಿರಿಮಲ್ಲ ಮತ್ತೆ ಕೈ ಚಾಚಿದ. ಉಸ್ತಾದರು ಅವನ ಮಣಿಕಟ್ಟು ಹಿಡಿದರು.

"ಸುಮ್ನಿರು. ಆಕಿ ಬಂದಾಳ."

ಚಹಾನೂ ಮುಗೀತು. ನನ್ನ ಚಹಾದ ದುಡ್ಡೂ ನೀವೇ ಕೊಟ್ಟುಬಿಡಿ.